ಕಿರುನೆಲ್ಲಿಯ ಹೆಸರು ಹೇಳಿದ ದಿನ

ಜುಲೈ ಹನ್ನೊಂದು, ಗುರುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಎರಡನೇ ಮಹಡಿ, ತಂಗಿಯ ಮನೆ. ಹಾಜರಿದ್ದವರು ಮೂವರು: ನಾನು, ತಂಗಿ, ತಂಗಿಯ ಮಗಳು.

ಹುಡುಗಿ ಮಂಚದ ಮೇಲೆ ಆಫೀಸಿನ ಬೂಟು ಹಾಕಿಕೊಂಡು ಕುಳಿತಿದ್ದಳು. ಮೈಮೇಲೆ ನೈಟಿ, ಕುತ್ತಿಗೆಯಲ್ಲಿ ಕಂಪೆನಿಯ ಗುರುತಿನ ಚೀಟಿ. ನನ್ನನ್ನು ನೋಡಿ, "ಮಾಮ, ಯೇ ಸ್ಲೋ ಹೈ ಕಿ ಫಾಸ್ಟ್? ಠಾಣೆ ರುಕೇಗಿ ಕ್ಯಾ?" ಎಂದು ಕೇಳಿದಳು. ಮಂಚವನ್ನು ಲೋಕಲ್ ಟ್ರೇನ್ ಅಂದುಕೊಂಡಿದ್ದಳು. ಕಣ್ಣಿನ ಬಿಳಿಭಾಗ ಅರಸಿನ ಕದಡಿದ ನೀರಿನ ಹಾಗಿತ್ತು.

"ತಮಾಷೆ ಮಾಡ್ತಿದ್ದಾಳೆ ಅಂದ್ಕೊಂಡೆ ಅಣ್ಣ," ಎಂದಳು ತಂಗಿ. "ಎದ್ದಾಗಿನಿಂದ ಹೀಗೇ. ನಿನ್ನ ಮದ್ದು ಹಿಡೀಲಿಕ್ಕೆ ಸುರುವಾಗುವಾಗ ಹೀಗೆಲ್ಲ ಆಗ್ತದಾ?"

ನಾನು ಗಡಿಯಾರ ನೋಡಿದೆ. ಆಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ದಿನ, ಗಂಟೆ, ಹಾಜರಿ ಬರೆಯುವುದು ನನ್ನ ಹಳೆಯ ಚಾಳಿ. ರಬಾಳೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕುಳಿತವನು ನಾನು. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವುದೇ ಕೆಲಸ. ನಿವೃತ್ತಿಯ ದಿನ ಒಂದು ಖಾಲಿ ಹಾಜರಿ ಪುಸ್ತಕವನ್ನು ಕೇಳಿ ತಂದೆ. ಅದರಲ್ಲಿ ಮದ್ದಿಗೆ ಬಂದವರನ್ನು ಬರೆಯತೊಡಗಿದೆ.

ಮದ್ದು ಅಂದರೆ ಕಾಮಾಲೆಯ ಮದ್ದು. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಅದನ್ನು ಅಮ್ಮ ಕೊಡುತ್ತಿದ್ದಳು. ಅಮ್ಮನಿಗೆ ಅವಳ ಅತ್ತೆ ಹೇಳಿಕೊಟ್ಟದ್ದು. ಗೇಣುದ್ದದ ಗಿಡ. ನುಗ್ಗೆ ಎಲೆಗಿಂತ ಸಣ್ಣ ಎಲೆ. ಕಡ್ಡಿಯನ್ನು ಮಗುಚಿ ನೋಡಿದರೆ ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ಒಂದಿಷ್ಟು ದೊಡ್ಡ ಹಸಿರು ಕಾಯಿಗಳು, ಸಾಲಾಗಿ. ಅದನ್ನು ಬಾಯಿಹುಣ್ಣಿಗೆ ಜಗಿಯುತ್ತಿದ್ದೆವು. ಉರಿಮೂತ್ರಕ್ಕೆ ಕಷಾಯ ಮಾಡಿ ಕುಡಿಯುತ್ತಿದ್ದೆವು. ಕಜ್ಜಿಗೆ ಉಪ್ಪು ಸೇರಿಸಿ ಅರೆದು ಹಚ್ಚುತ್ತಿದ್ದೆವು. ಅದಕ್ಕೆಲ್ಲ ಹೆಸರು ಹೇಳಿಯೇ ಗಿಡ ಕೀಳಬಹುದಿತ್ತು. ಕಾಮಾಲೆಗೆ ಕೊಡುವಾಗ ಮಾತ್ರ ಅದಕ್ಕೆ ಹೆಸರಿಲ್ಲ.

ನಿಯಮಗಳು ಬಹಳ. ಸೂರ್ಯ ಹುಟ್ಟುವ ಮೊದಲು ಬೇರು ಸಮೇತ ಕೀಳಬೇಕು. ಅರೆಯುವಾಗ ತುಟಿ ಬಿಚ್ಚಬಾರದು. ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಹಸುವಿನ ಹಾಲಿನಲ್ಲಿ ಕದಡಿ ಬರಿಹೊಟ್ಟೆಗೆ ಕೊಡಬೇಕು, ಭಾನುವಾರದಿಂದ ಮೂರು ದಿನ. ಆಮೇಲೆ ಏಳು ದಿನ ಉಪ್ಪಿಲ್ಲದ ಗಂಜಿ, ಎಣ್ಣೆ ಇಲ್ಲ. ಕೊಟ್ಟವನು ದುಡ್ಡು ಮುಟ್ಟಬಾರದು, ಕುಡಿದವನು ಉಪಕಾರವಾಯಿತು ಎನ್ನಬಾರದು. ಹೊರಡುವಾಗ "ಬರ್ತೇನೆ" ಎಂದು ಹೇಳಬಾರದು, ಹೇಳಿದರೆ ಕಾಯಿಲೆ ತಿರುಗಿ ಬರುತ್ತದೆ. ಸುಮ್ಮನೆ ಎದ್ದು ಹೋಗಬೇಕು. ಮದ್ದಿನ ಮೇಲೆ ಬೇರೆ ಮದ್ದು ಬೀಳಬಾರದು. ಕೊನೆಯದಾಗಿ, ಗಿಡದ ಹೆಸರು ಹೊರಗೆ ಹೋಗಬಾರದು.

ನನ್ನ ಸ್ವಭಾವಕ್ಕೆ ಈ ನಿಯಮಗಳು ಹೊಂದಿದವು. ಅಮ್ಮನ ಅಂಗಳದ ಬೀಜ ತಂದು ನಮ್ಮ ಕಟ್ಟಡದ ತಾರಸಿಯ ಮೇಲೆ ಒಡೆದ ಬಕೆಟುಗಳಲ್ಲಿ ಹಾಕಿದೆ. ಮಳೆಗಾಲದಲ್ಲಿ ಈ ಕಡೆ ಕಾಮಾಲೆ ಜಾಸ್ತಿ. ಕಲ್ಯಾಣದ ಹೋಟೆಲುಗಳ ಅಡುಗೆಯವರು, ಠಾಣೆಯ ಬ್ಯಾಂಕಿನವರು, ಮುಂಬ್ರಾದಿಂದ ಹಣ್ಣಿನ ಗಾಡಿಯ ಒಬ್ಬರು, ಹೀಗೆ ಬಾಯಿಂದ ಬಾಯಿಗೆ ಕೇಳಿ ಬರುತ್ತಿದ್ದರು. ಎರಡು ವಾರ ಬಿಟ್ಟು ಬಿಳಿಯಾದ ಕಣ್ಣು ತೋರಿಸಲು ಬಂದು, ಏನೂ ಹೇಳದೆ ನಗುತ್ತ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ನಾನು ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದೆ. ಗೀಟು ಇಲ್ಲದ ಹೆಸರುಗಳೂ ಇದ್ದವು. ಅವರು ಬೇರೆ ಊರಿಗೆ ಹೋಗಿರಬೇಕು ಅಂದುಕೊಳ್ಳುತ್ತಿದ್ದೆ.

ಹುಡುಗಿಗೆ ಇಪ್ಪತ್ತಾರು. ಮಹಾಪೆಯ ಒಂದು ಕಂಪೆನಿಯಲ್ಲಿ ಕೆಲಸ. ಮನೆಯಲ್ಲಿ ನಾವು ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೆ ಅವಳು ಹಿಂದಿಯಲ್ಲಿ ಹೇಳುವವಳು. ಹಿಂದಿನ ವಾರ ಜ್ವರ ಬಂದು, ಶನಿವಾರ ಕಣ್ಣು ಹಳದಿಯಾಯಿತು. ನಮ್ಮ ಗಲ್ಲಿಯ ಡಾಕ್ಟರು ರಕ್ತ ಪರೀಕ್ಷೆಗೆ ಚೀಟಿ ಬರೆದು, ಸೋಮವಾರ ರಿಪೋರ್ಟು ತನ್ನಿ ಎಂದಿದ್ದರು. ತಂಗಿ ಆ ಚೀಟಿಯನ್ನು ನನಗೆ ತಂದು ತೋರಿಸಿದಳು. ನಾನು ಅದನ್ನು ನಾಲ್ಕಾಗಿ ಮಡಚಿ ಅವಳ ಕೈಯಲ್ಲೇ ಇಟ್ಟು ಹೇಳಿದೆ: "ಮೊದಲು ಮದ್ದು ಮುಗಿಯಲಿ, ಪಥ್ಯ ಮುಗಿಯಲಿ. ಆಮೇಲೆ ಬೇಕಾದರೆ ಪರೀಕ್ಷೆ."

ಭಾನುವಾರ ಬೆಳಿಗ್ಗೆ ಐದು ಗಂಟೆ ಐದು ನಿಮಿಷಕ್ಕೆ, ಕೆಳಮಹಡಿಯ ನನ್ನ ಮನೆಯಲ್ಲಿ ಲೋಟ ಕೊಟ್ಟಾಗ ಹುಡುಗಿ ಮೂಗು ಸೊಟ್ಟ ಮಾಡಿದಳು.

"ಮಾಮ, ಇಸ್ ಗ್ರೀನ್ ಸ್ಮೂದಿ ಕಾ ನಾಮ್ ತೋ ಬತಾವೋ."

"ಹೆಸರು ಕೇಳಬಾರದು."

"ಪಾಸ್‌ವರ್ಡ್ ಹೈ ಕ್ಯಾ?"

ಅರೆಯುವ ಕಲ್ಲಿನ ಪಕ್ಕ ಉಳಿದಿದ್ದ ಎರಡು ಕಡ್ಡಿಗಳತ್ತ ಅವಳು ಮೊಬೈಲ್ ಎತ್ತಿದಳು. ಫೋಟೋ ತೆಗೆದರೆ ಗಿಡದ ಹೆಸರು ಫೋನೇ ಹೇಳುತ್ತದಂತೆ. ನಾನು ಟವೆಲು ಎಸೆದು ಕಡ್ಡಿಗಳನ್ನು ಮುಚ್ಚಿದೆ. "ಡೇಟಾ ಪ್ರೊಟೆಕ್ಷನ್!" ಎಂದು ಅವಳು ನಕ್ಕಳು. ತಂಗಿಯೂ ನಕ್ಕಳು. ಅರೆಯುವ ಕೆಲಸ ಮುಗಿದಿತ್ತು, ಹಾಗಾಗಿ ನಾನೂ ನಕ್ಕೆ. ಕುಡಿದ ಮೇಲೆ ಅವಳು ಕಾಲೇಜಿನ ನಾಟಕದವರ ಹಾಗೆ ಕೈ ಬಾಯಿಗೆ ಅಡ್ಡ ಹಿಡಿದು, ಬರ್ತೇನೆ ಎನ್ನದೆ, ಹಿಮ್ಮುಖವಾಗಿ ನಡೆದು ಹೋದಳು.

ಗುರುವಾರ ಬೆಳಿಗ್ಗೆ ಮಂಚದ ಮೇಲಿದ್ದವಳು ಅವಳೇ.

ಗಲ್ಲಿಯ ಡಾಕ್ಟರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಎರಡೇ: ಮಾತು ತಪ್ಪುತ್ತಿದೆಯಾ, ರಾತ್ರಿ ನಿದ್ದೆ ಇದೆಯಾ. ಹೇಳಿದ ಮೇಲೆ, ಇಲ್ಲಿ ಎಲ್ಲೂ ನಿಲ್ಲಬೇಡಿ, ಲಿವರ್ ವಿಭಾಗ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ ಎಂದು ನವಿ ಮುಂಬಯಿಯ ಒಂದು ಆಸ್ಪತ್ರೆಯ ಹೆಸರು ಹೇಳಿದರು. ಆರು ನಲವತ್ತಕ್ಕೆ ಕಾರು ಬಂತು. ಹೊರಡುವಾಗ ಹಾಜರಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಯಾಕೆಂದು ಆಗ ಯೋಚಿಸಲಿಲ್ಲ. ಕೆಲಸಕ್ಕೆ ಹೊರಟವನು ಡಬ್ಬಿ ತೆಗೆದುಕೊಂಡ ಹಾಗೆ.

ಶೀಳ್‌ಫಾಟಾದಲ್ಲಿ ಲಾರಿಗಳ ಸಾಲು. ಹದಿನೆಂಟು ನಿಮಿಷ ಒಂದೇ ಜಾಗದಲ್ಲಿ ನಿಂತೆವು. ತಂಗಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಎಂಚ ಉಂಡು ಮಗಾ, ಎಂಚ ಉಂಡು," ಎಂದು, ತುಳುವಿನಲ್ಲಿ ಹೇಗಿದ್ದೀ ಹೇಗಿದ್ದೀ ಅಂತ, ಕೇಳುತ್ತಲೇ ಇದ್ದಳು. ಮಹಾಪೆಯ ತಿರುವು ಬಂದಾಗ ಹುಡುಗಿ ಥಟ್ಟನೆ ಎದ್ದು ಬಾಗಿಲಿನ ಹಿಡಿಕೆಗೆ ಕೈ ಹಾಕಿದಳು.

"ಉತರ್‌ನಾ ಹೈ. ಸ್ವೈಪ್ ನಹೀ ಕಿಯಾ ತೋ ಹಾಫ್ ಡೇ ಕಟೇಗಾ. ಮಾಮ, ನೀನು ಹೇಳು ಅವರಿಗೆ, ನಾನು ಬಂದಿದ್ದೇನೆ ಅಂತ."

ಇಳಿದು ಕಾರ್ಡು ತೋರಿಸದಿದ್ದರೆ ಅರ್ಧ ದಿನದ ಸಂಬಳ ಹೋಗುತ್ತದಂತೆ. ಕೊನೆಯ ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿದಳು. ನನ್ನೊಡನೆ ಅವಳು ಕನ್ನಡದಲ್ಲಿ ಮಾತಾಡಿ ವರ್ಷಗಳಾಗಿದ್ದವು. ನಾನು ಅವಳ ಕೈ ಹಿಡಿದು, "ಬರೆದುಕೊಂಡಿದ್ದೇನೆ, ನೀನು ಹಾಜರು," ಎಂದೆ. ಅವಳು ಒಪ್ಪಿ ಮಲಗಿದಳು.

ಏಳು ಐವತ್ತಕ್ಕೆ ಆಸ್ಪತ್ರೆ. ಅವಳನ್ನು ಗಾಲಿಮಂಚದ ಮೇಲೆ ಒಳಗೆ ಕರೆದೊಯ್ದರು. ಮೂವತ್ತೈದರ ಆಸುಪಾಸಿನ ಮರಾಠಿ ಡಾಕ್ಟರಮ್ಮ ಹೊರಬಂದು ನಮ್ಮಿಬ್ಬರನ್ನು ಗೋಡೆಯ ಪಕ್ಕ ನಿಲ್ಲಿಸಿಕೊಂಡು ಕೇಳಿದರು. ಜ್ವರ ಯಾವಾಗ, ಹಳದಿ ಯಾವಾಗ, ಏನೇನು ಔಷಧಿ ಕೊಟ್ಟಿದ್ದೀರಿ, ಗಿಡಮೂಲಿಕೆ ಏನಾದರೂ?

"ಏನೂ ಇಲ್ಲ," ಎಂದಳು ತಂಗಿ.

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನೂ ಸುಮ್ಮನಿದ್ದೆ. ಅವರು ಅದನ್ನೇ ಮತ್ತೆ, ನಿಧಾನವಾಗಿ, ಹಿಂದಿಯಲ್ಲಿ ಕೇಳಿ, ಹೇಳಿದರು: ಲಿವರ್ ಕೆಲಸ ನಿಲ್ಲಿಸುತ್ತಿದೆ, ವಿಷ ತಲೆಗೆ ಏರುತ್ತಿದೆ. ಕಾರಣ ಗೊತ್ತಾದರೆ ಒಂದು ದಾರಿ, ಗೊತ್ತಾಗದಿದ್ದರೆ ಇನ್ನೊಂದು ದಾರಿ. ಸಂಜೆಯ ರಕ್ತ ಪರೀಕ್ಷೆಯಲ್ಲಿ ವಿಷ ಇನ್ನೂ ಏರಿದ್ದರೆ ಬದಲಿ ಲಿವರಿಗೆ ಅವಳ ಹೆಸರನ್ನು ಪಟ್ಟಿಗೆ ಹಾಕಬೇಕಾಗುತ್ತದೆ, ಅಷ್ಟರವರೆಗೆ ಅವಳು ತಡೆದರೆ.

"ನನ್ನದು ತೆಗೆಯಿರಿ," ಎಂದಳು ತಂಗಿ. ಅಷ್ಟು ಹೇಳಿದವಳು ಕೂಡ ಮದ್ದಿನ ಬಗ್ಗೆ ಬಾಯಿ ಬಿಡಲಿಲ್ಲ. ಹೇಳಿದರೆ ಕೊಟ್ಟ ಮದ್ದೂ ಸತ್ತುಹೋಗುತ್ತದೆ, ಆಮೇಲೆ ಮಗಳಿಗೆ ಏನೂ ಉಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ಅವಳಿಗೆ ಹಾಗೆ ಕಲಿಸಿದವನು ಅವಳ ಪಕ್ಕದಲ್ಲೇ ನಿಂತಿದ್ದ.

ಗೋಡೆಯ ಗಡಿಯಾರ ನನ್ನ ಎದುರಿಗಿತ್ತು. ಅವರು ಮೊದಲು ಕೇಳಿದಾಗ ಎಂಟು ಗಂಟೆ ಎರಡು ನಿಮಿಷ. ನಾನು ಬಾಯಿ ತೆರೆದಾಗ ಎಂಟು ಆರು. ಟೈಮ್ ಆಫೀಸಿನಲ್ಲಿ ನಾಲ್ಕು ನಿಮಿಷ ತಡವಾಗಿ ಬಂದವನ ಹೆಸರಿಗೆ ಕೆಂಪು ಗುರುತು ಹಾಕಿದವನು ನಾನು, ಅವನ ಮುಖವನ್ನೂ ನೋಡದೆ.

"ಕಿರುನೆಲ್ಲಿ," ಎಂದೆ. "ಮೂರು ದಿನ ಕೊಟ್ಟೆ. ನಾನೇ ಕೊಟ್ಟದ್ದು."

ತಂಗಿ ನನ್ನ ಅಂಗಿಯ ತೋಳು ಹಿಡಿದಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಗಿಡದ ಎತ್ತರವನ್ನು ಕೈಯಲ್ಲಿ ತೋರಿಸಿ, ಎಲೆಯ ಅಡಿಗೆ ಸಾಲಾಗಿ ಕಾಯಿ ಎಂದು ಹಿಂದಿಯಲ್ಲಿ ಹೇಳಿದೆ.

"ಭುಯಿಆವಳಾ!" ಎಂದರು ಡಾಕ್ಟರಮ್ಮ. "ಮಾಝೀ ಆಜೀ ದ್ಯಾಯಚೀ." ಅವರ ಅಜ್ಜಿಯೂ ಕೊಡುತ್ತಿದ್ದರಂತೆ.

ಪಕ್ಕದಲ್ಲಿ ಸಲಾಯಿನ್ ಬಾಟಲಿ ಹಿಡಿದು ನಿಂತಿದ್ದ ಕೇರಳದ ನರ್ಸ್ ತಲೆ ಎತ್ತಿ, "ಕೀಳಾರ್‌ನೆಲ್ಲಿ ಅಲ್ಲೇ?" ಎಂದಳು. ಅವಳ ಮನೆಯಲ್ಲಿ ಆಡಿನ ಹಾಲಿನಲ್ಲಿ ಕೊಡುತ್ತಾರಂತೆ.

ಅಮ್ಮ, ಅಮ್ಮನ ಅತ್ತೆ, ನಾನು ಬಾಯಿ ಕಟ್ಟಿಕೊಂಡು ಕಾಪಾಡಿದ ಹೆಸರು ಆ ಗೋಡೆಯ ಬುಡದಲ್ಲಿ ನಿಂತಿದ್ದವರಿಗೆಲ್ಲ ಗೊತ್ತಿತ್ತು. ನನಗೆ ನಗು ಬರಬೇಕಿತ್ತು.

ಪುಸ್ತಕ ತೆಗೆದು ಕೊಟ್ಟೆ. ಡಾಕ್ಟರಮ್ಮನಿಗೆ ಕನ್ನಡ ಬಾರದು, ಅಂಕಿಗಳನ್ನು ನೋಡಿದರು. ನಾನು ಓದುತ್ತ ಹೋದೆ. ಭಾನುವಾರ ಐದು ಐದಕ್ಕೆ ಮೊದಲ ಉಂಡೆ, ವಾಂತಿ ಇಲ್ಲ. ಸೋಮವಾರ ಎರಡನೆಯದು, ಎರಡು ಸೌಟು ಗಂಜಿ. ಮಂಗಳವಾರ ಮೂರನೆಯದು, ಹಗಲು ಹನ್ನೊಂದರಿಂದ ಐದರ ತನಕ ನಿದ್ದೆ, ರಾತ್ರಿ ನಿದ್ದೆ ಇಲ್ಲ. ಬುಧವಾರ ಹಗಲೆಲ್ಲ ನಿದ್ದೆ, ಕರೆದರೆ ತಡವಾಗಿ ಉತ್ತರ. ಅದರ ಮುಂದೆ ನನ್ನದೇ ದುಂಡಗಿನ ಅಕ್ಷರ: ವಿಶ್ರಾಂತಿ ಚೆನ್ನಾಗಿ ಆಗುತ್ತಿದೆ.

ಆ ಸಾಲನ್ನೂ ಹಿಂದಿಗೆ ಮಾಡಿ ಹೇಳಿದೆ. ಬಿಡಬಹುದಿತ್ತು, ಬಿಡಲಿಲ್ಲ.

ಡಾಕ್ಟರಮ್ಮ ಮಂಗಳವಾರದ ಮೇಲೆ ಬೆರಳಿಟ್ಟರು. "ಹಗಲು ನಿದ್ದೆ, ರಾತ್ರಿ ಎಚ್ಚರ. ಇದೇ ಮೊದಲ ಎಚ್ಚರಿಕೆಯ ಗಂಟೆ, ಕಾಕಾ. ಎರಡು ದಿನದ ಹಿಂದೆಯೇ ಬಾರಿಸಿದೆ. ಇಷ್ಟು ಚಂದ ಬರೆದಿದ್ದೀರಿ. ಯಾರಿಗಾದರೂ ಓದಿ ಹೇಳಿದ್ದರೆ ಸಾಕಿತ್ತು."

ನಾನು, "ಮದ್ದಿನಿಂದ ಹೀಗಾಯಿತಾ?" ಎಂದು ಕೇಳಿದೆ.

"ಗೊತ್ತಿಲ್ಲ. ಈ ಗಿಡ ಒಂದೇ ಹೀಗೆ ಮಾಡಿದೆ ಅಂತ ಹೇಳಲಾರೆ. ಮಾಡೇ ಇಲ್ಲ ಅಂತಲೂ ಹೇಳಲಾರೆ." ಪುಸ್ತಕವನ್ನು ನನಗೆ ಹಿಂದೆ ಕೊಡುತ್ತ ಹೇಳಿದರು: "ಹೆಚ್ಚಿನ ಕಾಮಾಲೆ ತಾನಾಗಿಯೇ ಇಳಿಯುತ್ತದೆ. ಯಾರದ್ದು ಇಳಿಯುವುದಿಲ್ಲ ಅಂತ ಮೊದಲೇ ತಿಳಿಯುವುದಕ್ಕೇ ರಕ್ತ ಪರೀಕ್ಷೆ."

ಪುಸ್ತಕದಲ್ಲಿ ನಾನು ಎಳೆದ ಗೀಟುಗಳು ಕಣ್ಣಮುಂದೆ ಬಂದವು. ಅವುಗಳಲ್ಲಿ ನನ್ನದು ಎಷ್ಟು, ತಾನಾಗಿಯೇ ಇಳಿದದ್ದು ಎಷ್ಟು? ಗೀಟಿಲ್ಲದ ಹೆಸರುಗಳು ನಿಜವಾಗಿ ಬೇರೆ ಊರಿಗೆ ಹೋಗಿದ್ದವೇ?

ಅಷ್ಟರಲ್ಲಿ, ಹುಡುಗಿ ಹೊರಡುವಾಗ ಬಿಡದೆ ತಂದಿದ್ದ ಆಫೀಸು ಚೀಲವನ್ನು ಹಿಡಿದು ನರ್ಸ್ ಬಂದಳು. ಆಧಾರ್ ಕಾರ್ಡು ಹುಡುಕುವಾಗ ಅದರಲ್ಲಿ ಜ್ವರದ ಗುಳಿಗೆಯ ಖಾಲಿ ಸ್ಟ್ರಿಪ್ಪುಗಳು ಸಿಕ್ಕಿದ್ದವು. ಒಂದಲ್ಲ, ಮೂರು. ಡಾಕ್ಟರಮ್ಮ ಅವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾವಾಗ ತಗೊಂಡದ್ದು?" ಎಂದು ಕೇಳಿದರು.

ತಂಗಿ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು. "ಜ್ವರ ಬಿಡ್ತಾ ಇರ್ಲಿಲ್ಲ ಅಣ್ಣ. ಮೈಕೈ ನೋವು ಅಂತ ಅಳ್ತಿದ್ಳು. ಅವಳೇ ತಗೊಳ್ತಿದ್ಳು, ಎರಡೆರಡು, ದಿನಕ್ಕೆ ನಾಲ್ಕು ಸಲ. ನಿಂಗೆ ಹೇಳ್ಬೇಡ ಅಂದ್ಳು. ಮದ್ದಿನ ಮೇಲೆ ಮದ್ದು ಬಿದ್ದದ್ದು ಗೊತ್ತಾದ್ರೆ ನೀನು ಮೂರನೇ ದಿನದ್ದು ಕೊಡ್ಲಿಕ್ಕಿಲ್ಲ ಅಂತ."

"ನೀನಾದರೂ..."

"ನಾನಾದ್ರೂ ಏನು? ನಿನ್ನ ಮುಂದೆ ಯಾರಾದ್ರೂ ಏನಾದ್ರೂ ಹೇಳ್ಲಿಕ್ಕುಂಟಾ? ನೀನು ಕೇಳುದು ಗಂಟೆ ಮಾತ್ರ. ಎಷ್ಟು ಗಂಟೆಗೆ ತಿಂದ್ಳು, ಎಷ್ಟು ಗಂಟೆಗೆ ಮಲಗಿದ್ಳು. ಏನು ನೋವು ಅಂತ ಕೇಳಿದ್ದೀಯಾ ಒಂದ್ಸಲ?"

ಜನ ತಿರುಗಿ ನೋಡಿದರು. ನೋಡಲಿ. ಮಾತು ಸರಿಯಾಗಿಯೇ ಇತ್ತು.

ಬರಿಹೊಟ್ಟೆ, ಉಪ್ಪಿಲ್ಲದ ಗಂಜಿ, ಸೋತ ಲಿವರ್, ಅದರ ಮೇಲೆ ದಿನಕ್ಕೆ ಎಂಟು ಗುಳಿಗೆ. ಡಾಕ್ಟರಮ್ಮ ಹೇಳಿದರು: ಕಾಮಾಲೆಯ ಜೊತೆಗೆ ಇದೂ ಸೇರಿದೆ, ಒಂದು ವಿಷಯ ಒಳ್ಳೆಯದು, ಈ ಗುಳಿಗೆಯ ವಿಷಕ್ಕೆ ಪ್ರತಿಮದ್ದು ಇದೆ. ಆದರೆ ಯಾವ ದಿನ ಎಷ್ಟು ಗಂಟೆಗೆ ಎಷ್ಟು ತೆಗೆದುಕೊಂಡಳು, ಕೊನೆಯದು ಯಾವಾಗ ಎಂದು ಬೇಕು.

ಆ ಲೆಕ್ಕ ಮಾತ್ರ ನನಗೆ ಮಾಡಲು ಬರುತ್ತಿತ್ತು. ತಂಗಿಯನ್ನು ಬೆಂಚಿನ ಮೇಲೆ ಕೂರಿಸಿ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡೆ. ಭಾನುವಾರ ನಾನು ಮೇಲೆ ಬಂದು ಹೋದ ಮೇಲೆಯೋ ಮೊದಲೋ? ಸೋಮವಾರ ನೀರಿನ ಟ್ಯಾಂಕರ್ ಬಂದಾಗ ಎಚ್ಚರವಿದ್ದಳೋ? ಬುಧವಾರ ಹಾಲಿನವನು ಬೆಲ್ ಮಾಡಿದಾಗ ಗುಳಿಗೆ ಕೈಯಲ್ಲಿತ್ತೋ ನುಂಗಿ ಆಗಿತ್ತೋ? ತಂಗಿ ಅಳುತ್ತಲೇ ಒಂದೊಂದನ್ನು ನೆನಪು ಮಾಡಿಕೊಂಡಳು. ಕೊನೆಯ ಎರಡು ಗುಳಿಗೆ ಬುಧವಾರ ಸಂಜೆ ಏಳೂವರೆಗೆ, ಕೆಳಗೆ ತರಕಾರಿ ಗಾಡಿ ಕೂಗುತ್ತಿದ್ದಾಗ. ಇಪ್ಪತ್ತು ನಿಮಿಷದಲ್ಲಿ ಒಂದು ಪುಟ ಆಯಿತು. ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದು ಪುಟವನ್ನೇ ಹರಿದು ಕೊಟ್ಟೆ. ಹಾಜರಿ ಪುಸ್ತಕದ ಪುಟ ಹರಿದದ್ದು ಜೀವನದಲ್ಲಿ ಅದೊಂದೇ ಸಲ.

ಒಂಬತ್ತು ಗಂಟೆಗೆ ಪ್ರತಿಮದ್ದು ಹನಿಹನಿಯಾಗಿ ಸುರುವಾಯಿತು.

ಆಮೇಲೆ ಕಾಯುವುದು. ತಂಗಿ ಕ್ಯಾಂಟೀನಿನ ಇಡ್ಲಿ ಮುಟ್ಟಲಿಲ್ಲ. ನಾನು ತಿಂದೆ, ಒಂದು ಗಂಟೆಗೆ ಊಟದ ಹೊತ್ತು ಎಂದು ತಿಂದೆ. ತಿನ್ನುತ್ತ ಅವಳ ಮುಖ ನೋಡಲಾಗಲಿಲ್ಲ. ಎರಡು ಗಂಟೆಗೆ ಅವಳೇ ನನ್ನ ಪಕ್ಕಕ್ಕೆ ಬಂದು ಕುಳಿತು, "ಅಮ್ಮನ ಹತ್ರ ಬಂದವರಲ್ಲಿ ಯಾರೂ ಸಾಯ್ಲಿಲ್ವಾ ಅಣ್ಣ?" ಎಂದು ಕೇಳಿದಳು.

ನನಗೆ ಒಬ್ಬಳ ನೆನಪಿತ್ತು. ನಾನು ಏಳನೇ ತರಗತಿ. ಬಸುರಿ ಹೆಂಗಸು, ಗಂಡನ ಸೈಕಲ್ಲಿನ ಹಿಂದೆ ಕುಳಿತು ಮೂರು ದಿನ ಬಂದಿದ್ದಳು. ಅವಳು ತೀರಿಕೊಂಡ ಸುದ್ದಿ ಬಂದಾಗ ಅಮ್ಮ, ಅವಳು ಹೋಗುವಾಗ ಬರ್ತೇನೆ ಅಂದುಬಿಟ್ಟಿದ್ದಳು ಎಂದಳು. ನಾವೆಲ್ಲ ಒಪ್ಪಿದೆವು. ಅವಳು ಹಾಗೆ ಅಂದದ್ದನ್ನು ನಾನು ಕೇಳಿರಲಿಲ್ಲ, ಬಾಗಿಲಲ್ಲೇ ಇದ್ದೆ.

"ಒಬ್ಬಳು," ಎಂದೆ ತಂಗಿಗೆ.

ಸಂಜೆ ಐದು ಇಪ್ಪತ್ತಕ್ಕೆ ಡಾಕ್ಟರಮ್ಮ ಬಂದರು. "ಏರುವುದು ನಿಂತಿದೆ. ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇದೆ. ಪಟ್ಟಿಗೆ ಹಾಕುವ ಮಾತು ಇವತ್ತು ಬೇಡ. ನಾಳೆ ಬೆಳಿಗ್ಗೆ ಮತ್ತೆ ನೋಡೋಣ." ತಂಗಿ ಅವರ ಕೈ ಹಿಡಿದು ಉಪಕಾರವಾಯಿತು, ಉಪಕಾರವಾಯಿತು ಎಂದು ಹೇಳುತ್ತಲೇ ಇದ್ದಳು, ಎಷ್ಟೋ ದಿನದಿಂದ ತಡೆದಿಟ್ಟವಳ ಹಾಗೆ.

ಒಳಗೆ ಒಬ್ಬೊಬ್ಬರನ್ನೇ ಬಿಟ್ಟರು. ನರ್ಸ್ ಗಂಟೆಗೊಮ್ಮೆ ಹುಡುಗಿಗೆ ಪ್ರಶ್ನೆ ಕೇಳುವುದು ಕ್ರಮವಂತೆ, ಬುದ್ಧಿ ಎಷ್ಟು ಸ್ತಿಮಿತದಲ್ಲಿದೆ ಎಂದು ತಿಳಿಯಲು. ಹೆಸರೇನು? ಹೇಳಿದಳು. ಎಲ್ಲಿದ್ದೀಯ? "ಆಫೀಸ್." ತಪ್ಪು. ಈಗ ಗಂಟೆ ಎಷ್ಟು? ಕಣ್ಣು ಅರ್ಧ ತೆರೆದು ನನ್ನ ಕಡೆ ನೋಡಿ, "ಟೈಮ್ ಮಾಮಾ ಕೋ ಪೂಛೋ," ಎಂದಳು.

ನರ್ಸ್ ನಕ್ಕು ಏನೋ ಬರೆದುಕೊಂಡಳು. ನಾನು ಹಾಸಿಗೆಯ ಹತ್ತಿರ ಬಗ್ಗಿ, "ಎಲ್ಲಿ ನೋವು ಮಗಾ?" ಎಂದು ಕೇಳಿದೆ. ಅವಳು ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಇಟ್ಟಳು. ನನ್ನ ಕೈಯನ್ನೂ ಅಲ್ಲೇ ಇಟ್ಟೆ. ಹೊರಡುವ ಹೊತ್ತಾಯಿತು ಎಂದು ನರ್ಸ್ ಸನ್ನೆ ಮಾಡಿದಾಗ, "ಬರ್ತೇನೆ," ಎಂದೆ. ನಾಳೆ ಬರಲೇಬೇಕಿತ್ತು.

ತಂಗಿ ಆಸ್ಪತ್ರೆಯಲ್ಲೇ ಉಳಿದಳು. ನಾನು ಠಾಣೆಗೆ ಬಂದು ಲೋಕಲ್ ಹಿಡಿದು ಡೊಂಬಿವಲಿಗೆ ಮುಟ್ಟಿದಾಗ ಏಳೂ ಮುಕ್ಕಾಲು. ಮುಂದಿನ ಭಾನುವಾರಕ್ಕೆ ಒಬ್ಬರು ಬರುವವರಿದ್ದರು, ಕಲ್ಯಾಣದ ಹೋಟೆಲಿನ ಮ್ಯಾನೇಜರು, ಅವರ ಹೆಂಡತಿಗೆ. ಫೋನು ಮಾಡಿದೆ.

"ಭಾನುವಾರದ ತನಕ ಕಾಯಬೇಡಿ. ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ."

"ಅಯ್ಯೋ ಮಾರಾಯ್ರೇ, ನಿಮ್ಮ ಮದ್ದಿದ್ದ ಮೇಲೆ ರಕ್ತ ಎಂತಕ್ಕೆ? ನಮ್ಮ ಭಾವನಿಗೆ ನೀವೇ ಕೊಟ್ಟದ್ದಲ್ಲವಾ? ಈಗ ಕುದುರೆ ಹಾಗೆ ಓಡಾಡ್ತಾನೆ."

"ನಿಮ್ಮ ಭಾವನದ್ದು ತಾನಾಗಿಯೇ ಇಳಿದಿರಬಹುದು."

"ನೀವೇ ಹೀಗೆ ಹೇಳಿದ್ರೆ ಹೇಗೆ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ನಿಮ್ಮದಲ್ಲ. ಅವರಿಗೆ ಜ್ವರ ಇದೆಯಾ? ಗುಳಿಗೆ ಏನಾದರೂ ತಗೊಳ್ತಾರಾ?"

"ಅದು... ಒಂದೆರಡು." ದನಿ ಸಣ್ಣದಾಯಿತು. "ನಿಮಗೆ ಹೇಳ್ಬಾರ್ದು ಅಂತ..."

"ಹೇಳಿ. ಈಗಲೇ ಹೇಳಿ. ನಾಳೆ ಡಾಕ್ಟರಿಗೂ ಹೇಳಿ. ನಾನು ಏನಾದರೂ ಕೊಟ್ಟಿದ್ದರೆ ಅದರ ಹೆಸರು ಕಿರುನೆಲ್ಲಿ, ಅದನ್ನೂ ಹೇಳಬೇಕಿತ್ತು."

ಅವರು ನಾಳೆ ಹತ್ತು ಗಂಟೆಗೆ ಪರೀಕ್ಷೆ ಮಾಡಿಸುತ್ತೇನೆ ಎಂದು ಒಪ್ಪಿದರು. ಹತ್ತಲ್ಲ, ಎಂಟಕ್ಕೆ ಎಂದೆ. ಎಂಟಕ್ಕೆ ಎಂದರು.

ಅರೆಯುವ ಕಲ್ಲು ಮಂಗಳವಾರದಿಂದ ಹಾಗೇ ಇತ್ತು. ಮೂರನೇ ದಿನದ ಹಸಿರು ಗುಂಡಿನ ಸುತ್ತ ಒಣಗಿ ಕಪ್ಪಾಗಿತ್ತು. ಕೈಯಲ್ಲಿ ಹೋಗಲಿಲ್ಲ, ತೆಂಗಿನ ನಾರಿನಿಂದ ತಿಕ್ಕಿದೆ. ಮೂರು ನೀರಲ್ಲಿ ತೊಳೆದು, ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿದೆ. ಎಂಟು ಗಂಟೆ ನಲವತ್ತು ನಿಮಿಷ.